ಪೋಸ್ಟ್ ಒತ್ತುವ ಮುನ್ನ: ಸಾಮಾಜಿಕ ಜಾಲತಾಣದಲ್ಲಿ ಕಾನೂನಿನ ಗೆರೆ ದಾಟದೆ ಬರೆಯುವ ಬಗೆ

“ನಾನು ಬರೆದದ್ದು ನಿಜವೇ, ಆದರೂ ಠಾಣೆಗೆ ಏಕೆ ಕರೆದರು?” “ಅದನ್ನು ನಾನು ಬರೆದಿರಲಿಲ್ಲ, ಬಂದದ್ದನ್ನು ಮುಂದಕ್ಕೆ ಕಳುಹಿಸಿದೆ ಅಷ್ಟೆ.” “ಹತ್ತೇ ನಿಮಿಷಕ್ಕೆ ಅಳಿಸಿಬಿಟ್ಟೆನಲ್ಲ!” ಈ ಮೂರು ಮಾತುಗಳನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಎದುರಿಗೆ ಕುಳಿತವರ ಮುಖ ನೋಡಿಯೇ ಮೂರರಲ್ಲಿ ಯಾವುದು ಬರಲಿದೆ ಎಂದು ಊಹಿಸಬಲ್ಲೆ. ಪತ್ರಿಕೆಯ ಡೆಸ್ಕಿನಲ್ಲಿ ಕುಳಿತು, ಬೇರೆಯವರು ಬರೆದ ವಾಕ್ಯಗಳಲ್ಲಿ ಮೊಕದ್ದಮೆಯ ವಾಸನೆ ಹುಡುಕುವುದೇ ನನ್ನ ಕಸುಬಾಗಿತ್ತು. ಈಗ ಆ ಡೆಸ್ಕ್ ಇಲ್ಲದೆಯೇ ಎಲ್ಲರೂ ಪ್ರಕಟಿಸುತ್ತಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಡೆಸ್ಕ್ ಮಾಡುತ್ತಿದ್ದ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ಲ.

ಹೆಚ್ಚಿನವರು ಎಡವುವುದು ಕಾನೂನು ಗೊತ್ತಿಲ್ಲದೆ ಅಲ್ಲ, ಪ್ರಶ್ನೆಗಳ ಕ್ರಮ ತಪ್ಪಿ. “ನನಗೆ ಅಭಿವ್ಯಕ್ತಿ ಸ್ವಾತಂತ್ರ್ಯ ಇದೆಯೋ ಇಲ್ಲವೋ?” ಎಂಬುದನ್ನು ಮೊದಲು ಕೇಳಿಕೊಳ್ಳುತ್ತಾರೆ. ಇದೆ. ಸಂವಿಧಾನದ 19(1)(ಎ) ವಿಧಿ ಅದನ್ನು ಕೊಟ್ಟಿದೆ. 19(2)ನೇ ವಿಧಿ ಅದಕ್ಕೆ ಎಂಟು ಕಾರಣಗಳಿಗಾಗಿ ಸಮಂಜಸ ಮಿತಿ ಹಾಕಲು ಅವಕಾಶ ನೀಡಿದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಷ್ಟ್ರದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಈ ಪಟ್ಟಿಯ ಆಚೆಗಿನ ಕಾರಣ ಹೇಳಿ ಮಾತನ್ನು ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಆದರೆ ಈ ಚರ್ಚೆ ನಡೆಯುವುದು ಹೈಕೋರ್ಟಿನಲ್ಲಿ, ವರ್ಷಗಳ ನಂತರ. ದೂರು ಕೊಡುವವರು ಮತ್ತು ದೂರು ಬರೆದುಕೊಳ್ಳುವ ಪೊಲೀಸರು ನೋಡುವುದು ನಿಮ್ಮ ಹಕ್ಕನ್ನಲ್ಲ, ನಿಮ್ಮ ವಾಕ್ಯವನ್ನು. ಆದ್ದರಿಂದ ನಾವೂ ವಾಕ್ಯದಿಂದಲೇ ಆರಂಭಿಸೋಣ.

## ಮೊದಲು ಕೈಯಲ್ಲಿ ಇರಬೇಕಾದವು

ಭಾರತೀಯ ನ್ಯಾಯ ಸಂಹಿತೆಯ ಮೂಲ ಪಠ್ಯ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಬಂದಿರುವುದು ಇದೇ. ಆ ದಿನಕ್ಕಿಂತ ಹಿಂದೆ ಬರೆದದ್ದಕ್ಕೆ ಹಳೆಯ ಸಂಹಿತೆ ಅನ್ವಯಿಸುತ್ತದೆ. ಹೊಸ ಸಂಹಿತೆ ಕೇಂದ್ರ ಸರ್ಕಾರದ ‘ಇಂಡಿಯಾ ಕೋಡ್’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಪೂರ್ತಿ ಓದಬೇಕಿಲ್ಲ. 72, 196, 299, 353 ಮತ್ತು 356ನೇ ಸೆಕ್ಷನ್‌ಗಳನ್ನು ಒಮ್ಮೆ ಓದಿದರೂ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ‘ಹೊಸ ಕಾನೂನು’ ಸಂದೇಶಗಳಿಗಿಂತ ಅದು ಎಷ್ಟೋ ಸ್ಪಷ್ಟವಾಗಿದೆ.

ಇದರ ಜೊತೆಗೆ, ನೀವು ಆಧರಿಸಿದ ದಾಖಲೆಗಳನ್ನು ದಿನಾಂಕ ಹಾಕಿ ಇಡಲು ಒಂದು ಫೋಲ್ಡರ್ ಇರಲಿ. ನಿಮ್ಮ ಅಭಿಪ್ರಾಯವನ್ನು ಒಪ್ಪದ ಒಬ್ಬ ಸ್ನೇಹಿತರೂ ಇರಲಿ. ಕೊನೆಯದು ಹುಡುಗಾಟದ ಸಲಹೆಯಲ್ಲ, ಏಳನೆಯ ಹಂತದಲ್ಲಿ ಅವರ ಕೆಲಸವಿದೆ.

## ಹಂತ 1: ವಾಕ್ಯವನ್ನು ಬಿಡಿಸಿ, ಕ್ರಿಯಾಪದವನ್ನು ನೋಡಿ

ಬರೆದದ್ದನ್ನು ಒಂದೊಂದೇ ವಾಕ್ಯವಾಗಿ ಒಡೆಯಿರಿ. ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ: ಇದು ನಡೆದ ಸಂಗತಿಯ ಹೇಳಿಕೆಯೋ, ನನ್ನ ಅಭಿಪ್ರಾಯವೋ? ಸಂಗತಿಯನ್ನು ಸಾಕ್ಷ್ಯದಿಂದ ಸಾಬೀತು ಮಾಡಬಹುದು ಅಥವಾ ಸುಳ್ಳೆಂದು ತೋರಿಸಬಹುದು. ಅಭಿಪ್ರಾಯವನ್ನು ಒಪ್ಪಬಹುದು, ಬಿಡಬಹುದು.

“ಗುತ್ತಿಗೆದಾರ ರಸ್ತೆಯ ಹಣ ನುಂಗಿದ್ದಾನೆ” ಎಂಬ ವಾಕ್ಯವನ್ನು ನೋಡಿ. ಬರೆದವರಿಗೆ ಇದು ಸಿಟ್ಟಿನ ಮಾತು. ಕಾನೂನಿನ ಕಣ್ಣಿಗೆ ಇದು ಒಬ್ಬ ವ್ಯಕ್ತಿ ಹಣ ದುರುಪಯೋಗ ಮಾಡಿದ್ದಾನೆ ಎಂಬ ನಿರ್ದಿಷ್ಟ ಆರೋಪ. ಈಗ ಹೀಗೆ ಬರೆಯಿರಿ: “ಈ ರಸ್ತೆಗೆ ಡಾಂಬರು ಹಾಕಿ ಮೂರು ತಿಂಗಳಾಗಿದೆ. ಚಿತ್ರದಲ್ಲಿ ಕಾಣುವಂತೆ ಎರಡು ಕಡೆ ಕಿತ್ತುಹೋಗಿದೆ. ಮಾಹಿತಿ ಹಕ್ಕಿನಡಿ ಸಿಕ್ಕ ದಾಖಲೆಯ ಪ್ರಕಾರ ಬಿಲ್ ಪೂರ್ತಿ ಪಾವತಿಯಾಗಿದೆ. ಗುಣಮಟ್ಟ ಪರೀಕ್ಷಿಸಿದವರು ಯಾರು? ನನ್ನ ದೃಷ್ಟಿಯಲ್ಲಿ ಇದು ನಾಚಿಕೆಗೇಡು.” ಸಿಟ್ಟು ಒಂದಿಷ್ಟೂ ಕಡಿಮೆಯಾಗಿಲ್ಲ. ಓದುಗನಿಗೆ ಅರ್ಥವಾಗಬೇಕಾದದ್ದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಮೊದಲ ಮೂರು ಮಾತುಗಳಿಗೆ ಆಧಾರ ನಿಮ್ಮ ಕೈಯಲ್ಲಿದೆ, ನಾಲ್ಕನೆಯದು ಪ್ರಶ್ನೆ, ಐದನೆಯದು ಅಭಿಪ್ರಾಯ.

ಡೆಸ್ಕಿನಲ್ಲಿ ನಾವು ಮೊದಲು ಗುರಿ ಇಡುತ್ತಿದ್ದದ್ದು ಕ್ರಿಯಾಪದಗಳ ಮೇಲೆ: ನುಂಗಿದ, ಕದ್ದ, ವಂಚಿಸಿದ, ಕೊಂದ, ಲಂಚ ತಿಂದ. ಇವು ಬಂದ ಕಡೆ ಪೆನ್ನು ನಿಲ್ಲಬೇಕು. ವಿಶೇಷಣಗಳು ಅಷ್ಟು ಅಪಾಯಕಾರಿಯಲ್ಲ. ‘ದಂಡ’, ‘ಹಾಸ್ಯಾಸ್ಪದ’, ‘ಕಳಪೆ’ ಎಂದರೆ ಎದುರಿನವರಿಗೆ ಕೋಪ ಬರಬಹುದು, ಮೊಕದ್ದಮೆ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಸಾಮಾನ್ಯ ತಪ್ಪು: ಸಂಗತಿಗೆ ಅಭಿಪ್ರಾಯದ ಅಂಗಿ ತೊಡಿಸುವುದು. “ಅವನು ಕಳ್ಳ ಎಂದು ನನಗನ್ನಿಸುತ್ತದೆ” ಎಂದರೆ ಅದು ಆರೋಪವಾಗಿಯೇ ಉಳಿಯುತ್ತದೆ. “ಎಂದು ಹೇಳಲಾಗುತ್ತಿದೆ” ಎಂಬ ಬಾಲ ಅಂಟಿಸಿದರೂ ಅಷ್ಟೇ, ಹೇಳುತ್ತಿರುವವರು ಯಾರು ಎಂದು ಕೇಳಿದಾಗ ನಿಮ್ಮಲ್ಲಿ ಹೆಸರಿರಬೇಕು. ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಪಾರಾಗುವ ಉಪಾಯವೂ ಹಳೆಯದೇ. ನ್ಯಾಯಾಧೀಶರು ಅದನ್ನು ನಮಗಿಂತ ಮೊದಲೇ ನೋಡಿರುತ್ತಾರೆ.

## ಹಂತ 2: ವ್ಯಕ್ತಿಯ ಬಗ್ಗೆಯೇ? ಮಾನಹಾನಿಯ ಜರಡಿ

ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ, ಒಬ್ಬರ ಹೆಸರಿಗೆ ಧಕ್ಕೆ ತರುವ ಉದ್ದೇಶದಿಂದ, ಅಥವಾ ಧಕ್ಕೆಯಾಗುತ್ತದೆ ಎಂದು ತಿಳಿದೂ ಆರೋಪ ಪ್ರಕಟಿಸುವುದು ಅಪರಾಧ. ಎರಡು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆಯ ಶಿಕ್ಷೆ ಆಗಬಹುದು. ಮಾನಹಾನಿಯನ್ನು ಅಪರಾಧವಾಗಿ ಉಳಿಸಿಕೊಳ್ಳುವುದು ಸಂವಿಧಾನಬದ್ಧ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ನನಗೆ ಆ ತೀರ್ಪು ಇಷ್ಟವಿಲ್ಲ. ಆದರೂ ಬರೆಯುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಅದನ್ನೇ.

ಇಲ್ಲಿ ಜನ ಮರೆಯುವ ನಾಲ್ಕು ವಿಷಯಗಳಿವೆ. ಕಂಪನಿ ಅಥವಾ ಸಂಘವೂ ಮಾನಹಾನಿಯ ದೂರು ಕೊಡಬಹುದು. ತೀರಿಹೋದವರ ಬಗ್ಗೆ ಬರೆದದ್ದೂ, ಬದುಕಿದ್ದರೆ ಅವರ ಹೆಸರಿಗೆ ಕುಂದು ತರುವಂಥದ್ದಾಗಿದ್ದು ಕುಟುಂಬದ ಭಾವನೆಗೆ ನೋವುಂಟುಮಾಡುವ ಉದ್ದೇಶದ್ದಾದರೆ, ಇದರಡಿ ಬರುತ್ತದೆ. ಹೆಸರು ಬರೆಯದಿದ್ದರೂ ಓದುಗರಿಗೆ ಯಾರೆಂದು ತಿಳಿದರೆ ಸಾಕು. “ನಮ್ಮ ಬಡಾವಣೆಯ ಏಕೈಕ ದಂತವೈದ್ಯರು” ಎಂದು ಬರೆದು ಹೆಸರು ಮುಚ್ಚಿಟ್ಟೆ ಎನ್ನುವುದರಲ್ಲಿ ಅರ್ಥವಿಲ್ಲ. ನಾಲ್ಕನೆಯದು ವ್ಯಂಗ್ಯ. ವ್ಯಂಗ್ಯದ ಒಡಲಲ್ಲಿ ನಿರ್ದಿಷ್ಟ ಆರೋಪ ಅಡಗಿದ್ದರೆ ಅದೂ ಆರೋಪವೇ.

ಇನ್ನು ರಕ್ಷಣೆ. ಇದೇ ಸೆಕ್ಷನ್‌ನಲ್ಲಿ ಹತ್ತು ವಿನಾಯಿತಿಗಳಿವೆ. ಮೊದಲನೆಯದನ್ನು ಎರಡು ಸಲ ಓದಿ: ಆರೋಪ ನಿಜವಾಗಿರಬೇಕು, *ಜೊತೆಗೆ* ಅದನ್ನು ಪ್ರಕಟಿಸುವುದು ಸಾರ್ವಜನಿಕ ಹಿತಕ್ಕಾಗಿರಬೇಕು. “ನಾನು ಬರೆದದ್ದು ನಿಜವೇ” ಎಂದು ಬಂದವರಿಗೆ ಉತ್ತರ ಇಲ್ಲಿದೆ. ಪಕ್ಕದ ಮನೆಯವರ ದಾಂಪತ್ಯದ ಜಗಳ ನಿಜವೇ ಇರಬಹುದು, ಅದರಲ್ಲಿ ಸಾರ್ವಜನಿಕ ಹಿತ ಏನಿದೆ? ನಿಜವೆಂದು ತೋರಿಸುವ ಹೊಣೆಯೂ ವಿನಾಯಿತಿ ಕೇಳುವ ನಿಮ್ಮ ಮೇಲೆಯೇ ಬೀಳುತ್ತದೆ. ಸಾರ್ವಜನಿಕ ಸೇವಕರ ಅಧಿಕೃತ ನಡವಳಿಕೆ, ಸಾರ್ವಜನಿಕ ವಿಷಯದಲ್ಲಿ ಯಾರದೇ ನಡವಳಿಕೆ, ಪ್ರಕಟಿತ ಕೃತಿ ಅಥವಾ ಪ್ರದರ್ಶನದ ಗುಣಾವಗುಣ, ಇವುಗಳ ಬಗ್ಗೆ ಸದುದ್ದೇಶದ ಅಭಿಪ್ರಾಯಕ್ಕೂ ವಿನಾಯಿತಿ ಇದೆ. ಶಾಸಕರ ಕೆಲಸವನ್ನು ಎಷ್ಟು ಬೇಕಾದರೂ ಟೀಕಿಸಿ. ಅವರ ಮಗಳ ಮದುವೆಯ ವಿಷಯಕ್ಕೆ ಕಾಲಿಡಬೇಡಿ.

ಮಾನಹಾನಿ ಅಸಂಜ್ಞೇಯ ಅಪರಾಧ. ಅಂದರೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕಿ ಬಂಧಿಸುವಂತಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ಇದರ ಹೊರತಾಗಿ ಪರಿಹಾರ ಕೇಳುವ ಸಿವಿಲ್ ದಾವೆ ಬೇರೆ ಇದೆ, ಅದಕ್ಕೆ ಕಾಲಮಿತಿ ಒಂದು ವರ್ಷ.

ಎಚ್ಚರಿಕೆಯ ಗುರುತು: ಬರೆಯುತ್ತಿರುವಾಗ “ಇದನ್ನು ಓದಿ ಅವನಿಗೆ ಗೊತ್ತಾಗಬೇಕು” ಎಂದು ಮನಸ್ಸು ಹೇಳುತ್ತಿದ್ದರೆ, ನಿಮ್ಮ ಓದುಗ ಸಾರ್ವಜನಿಕನಲ್ಲ, ಒಬ್ಬ ವ್ಯಕ್ತಿ. ಆ ಪೋಸ್ಟನ್ನು ನಾಳೆಗೆ ಇಡಿ.

## ಹಂತ 3: ಸಮುದಾಯದ ಬಗ್ಗೆಯೇ? ಇಲ್ಲಿ ನಿಧಾನ

ಬಂಧನದವರೆಗೆ ಹೋಗುವ ಪ್ರಕರಣಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿ. ಧರ್ಮ, ಜಾತಿ, ಭಾಷೆ, ಜನ್ಮಸ್ಥಳ ಮುಂತಾದ ಆಧಾರದ ಮೇಲೆ ಗುಂಪುಗಳ ನಡುವೆ ದ್ವೇಷ ಬೆಳೆಸುವುದು 196ನೇ ಸೆಕ್ಷನ್. ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಒಂದು ವರ್ಗದ ಧರ್ಮ ಅಥವಾ ಧಾರ್ಮಿಕ ನಂಬಿಕೆಯನ್ನು ಅವಮಾನಿಸುವುದು 299. ಎರಡಕ್ಕೂ ಮೂರು ವರ್ಷದವರೆಗೆ ಶಿಕ್ಷೆ ಇದೆ, ಎರಡೂ ಸಂಜ್ಞೇಯ ಮತ್ತು ಜಾಮೀನುರಹಿತ, ಅಂದರೆ ಪೊಲೀಸರೇ ಎಫ್‌ಐಆರ್ ಹಾಕಿ ಬಂಧಿಸಬಹುದು, ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಸುಳ್ಳು ಸುದ್ದಿ, ವದಂತಿ, ಭಯ ಹುಟ್ಟಿಸುವ ಸುದ್ದಿ ಹಬ್ಬಿಸುವುದು 353. ನಿಜವೆಂದು ನಂಬಲು ಸಕಾರಣವಿದ್ದು, ಕೆಟ್ಟ ಉದ್ದೇಶವಿಲ್ಲದೆ ಹಂಚಿದವರಿಗೆ 353ರಲ್ಲಿ ವಿನಾಯಿತಿ ಇದೆ. ನೀವು ಪರಿಶೀಲಿಸಿದ ದಾಖಲೆಯನ್ನು ಫೋಲ್ಡರಿನಲ್ಲಿ ಇಡಲು ನಾನು ಹೇಳಿದ್ದು ಇದಕ್ಕಾಗಿ.

ಗೆರೆ ಎಲ್ಲಿದೆ? 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ಮೆಟ್ಟಿಲು ತೋರಿಸಿತು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಒಂದು ವಿಚಾರವನ್ನು ಚರ್ಚಿಸಬಹುದು, ಎಷ್ಟೇ ಅಪ್ರಿಯವಾದರೂ ಪ್ರತಿಪಾದಿಸಬಹುದು. ಪ್ರಚೋದನೆಯ ಮೆಟ್ಟಿಲಿಗೆ ತಲುಪಿದಾಗ ಮಾತ್ರ ಕಾನೂನು ಕೈ ಹಾಕಬಹುದು. 370ನೇ ವಿಧಿ ರದ್ದಾದ ದಿನವನ್ನು ಕರಾಳ ದಿನ ಎಂದು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಬರೆದ ಪ್ರಾಧ್ಯಾಪಕರೊಬ್ಬರ ಮೇಲಿನ ಪ್ರಕರಣವನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ರದ್ದು ಮಾಡಿದ್ದು ಇದೇ ದಾರಿಯಲ್ಲಿ. ಸರ್ಕಾರದ ನಿರ್ಧಾರವನ್ನು ಟೀಕಿಸುವುದು ಹಕ್ಕು, ಅದು ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವುದಲ್ಲ. 2025ರ ಮಾರ್ಚ್‌ನಲ್ಲಿ ಕವಿತೆಯೊಂದರ ವಿಡಿಯೊ ಹಾಕಿದ್ದ ಸಂಸದ ಇಮ್ರಾನ್ ಪ್ರತಾಪಗಢಿ ಅವರ ಪ್ರಕರಣದಲ್ಲಿ ಅದೇ ಕೋರ್ಟ್, ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ ವಿವೇಕಿಗಳ ಅಳತೆಯಲ್ಲಿ ನೋಡಬೇಕೇ ಹೊರತು ಸಣ್ಣದಕ್ಕೂ ಬೆಚ್ಚುವವರ ಅಳತೆಯಲ್ಲಿ ಅಲ್ಲ ಎಂದಿತು.

ಒಳ್ಳೆಯ ತೀರ್ಪುಗಳು. ಆದರೆ ಆ ಪ್ರಾಧ್ಯಾಪಕರು ಅಲ್ಲಿಯವರೆಗೆ ಅಲೆದ ದಿನಗಳನ್ನು ಯಾವ ತೀರ್ಪೂ ಹಿಂದಿರುಗಿಸುವುದಿಲ್ಲ.

ಬರೆಯುವಾಗ ಈ ಪರೀಕ್ಷೆ ಮಾಡಿ. ನಿಮ್ಮ ವಾಕ್ಯದ ಕರ್ತೃ ಒಂದು ಸರ್ಕಾರವೇ, ಸಂಸ್ಥೆಯೇ, ನಿರ್ದಿಷ್ಟ ವ್ಯಕ್ತಿಯೇ, ಅಥವಾ ಹುಟ್ಟಿನಿಂದ ಬರುವ ಗುಂಪೇ? “ಆ ಸಂಘಟನೆಯ ಈ ನಿರ್ಧಾರ ತಪ್ಪು” ಎಂಬುದು ಟೀಕೆ. “ಆ ಜಾತಿಯವರೇ ಹೀಗೆ” ಎಂಬುದು ಬೇರೆ ಜಾತಿಯ ಮಾತು, ಶ್ಲೇಷೆಗೆ ಕ್ಷಮೆ ಇರಲಿ. ಆಮೇಲೆ ವಾಕ್ಯದ ಕೊನೆಯನ್ನು ನೋಡಿ. ‘ಪಾಠ ಕಲಿಸಬೇಕು’, ‘ಓಡಿಸಬೇಕು’, ‘ಅವರ ಅಂಗಡಿಗೆ ಹೋಗಬೇಡಿ’, ‘ಎಲ್ಲರೂ ನಾಳೆ ಅಲ್ಲಿ ಸೇರಿ’ ಎಂದು ಓದುಗನಿಗೆ ಕೆಲಸ ಹಚ್ಚುವ ಮಾತಿದ್ದರೆ ನೀವು ಮೂರನೆಯ ಮೆಟ್ಟಿಲಿನ ಮೇಲಿದ್ದೀರಿ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ, 1989 ಪ್ರತ್ಯೇಕವಾಗಿ ಗಮನಿಸಬೇಕಾದದ್ದು. ಈ ಸಮುದಾಯಗಳಿಗೆ ಸೇರದವರು, ಸೇರಿದವರನ್ನು ಸಾರ್ವಜನಿಕರ ಕಣ್ಣೆದುರು ಅವಮಾನಿಸುವುದು, ದ್ವೇಷ ಹಬ್ಬಿಸುವುದು, ಅವರು ಅಪಾರ ಗೌರವವಿಟ್ಟಿರುವ ದಿವಂಗತರನ್ನು ಅಗೌರವಿಸುವುದು ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಇದೆ. ಮೇಲ್ನೋಟಕ್ಕೆ ಪ್ರಕರಣವಿದ್ದರೆ, ಬಂಧನಕ್ಕೆ ಮುನ್ನವೇ ಪಡೆಯುವ ನಿರೀಕ್ಷಣಾ ಜಾಮೀನು ಸಿಗುವುದಿಲ್ಲ. ‘ತಮಾಷೆಗೆ’ ಮಾಡಿದ ಮೀಮ್‌ಗಳು ಸಿಕ್ಕಿಹಾಕಿಕೊಳ್ಳುವುದು ಬಹುಪಾಲು ಇಲ್ಲಿ. ಅವನ್ನು ಮಾಡಿದವರ ಬಗ್ಗೆ ನನಗೆ ಹೆಚ್ಚು ಕನಿಕರವೂ ಇಲ್ಲ.

ದೇಶದ ಸಾರ್ವಭೌಮತೆ, ಏಕತೆಗೆ ಸಂಬಂಧಿಸಿದ ನ್ಯಾಯ ಸಂಹಿತೆಯ 152ನೇ ಸೆಕ್ಷನ್ ಅತ್ಯಂತ ಕಠಿಣವಾದದ್ದು, ಜೀವಾವಧಿಯವರೆಗೂ ಶಿಕ್ಷೆ ಇದೆ. ಪ್ರತ್ಯೇಕತೆ, ಸಶಸ್ತ್ರ ದಂಗೆಗೆ ಕುಮ್ಮಕ್ಕು ಕೊಡುವ ಮಾತುಗಳಿಗೆ ಅದು ಅನ್ವಯ. ಸರ್ಕಾರದ ಕ್ರಮಗಳನ್ನು ಕಾನೂನುಬದ್ಧವಾಗಿ ಬದಲಿಸಬೇಕೆಂದು ಖಂಡಿಸುವುದು ಅದರಡಿ ಬರುವುದಿಲ್ಲ ಎಂಬ ವಿವರಣೆಯೂ ಅದೇ ಸೆಕ್ಷನ್‌ಗೆ ಅಂಟಿಕೊಂಡಿದೆ.

## ಹಂತ 4: ಗುರುತು ಮತ್ತು ಚಿತ್ರ

ಹಿಂದಿನ ಹಂತಗಳಲ್ಲಿ ಉದ್ದೇಶ, ಸತ್ಯ, ಸದುದ್ದೇಶ ಎಲ್ಲಕ್ಕೂ ಜಾಗವಿತ್ತು. ಇಲ್ಲಿ ಇಲ್ಲ. ಅನುಕಂಪದಿಂದ ಬರೆದವರೂ ಅಪರಾಧಿಗಳಾಗುವ ಜಾಗ ಇದು.

ಅತ್ಯಾಚಾರದ ಸಂತ್ರಸ್ತೆಯ ಹೆಸರು ಅಥವಾ ಗುರುತು ಬಯಲಾಗುವ ಯಾವುದನ್ನೂ ಪ್ರಕಟಿಸುವಂತಿಲ್ಲ. 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು. ಆಕೆ ಮೃತಪಟ್ಟಿದ್ದರೂ, ಹತ್ತಿರದ ಸಂಬಂಧಿಕರು ಒಪ್ಪಿದರೂ ಹೆಸರು ಹಾಕುವಂತಿಲ್ಲ, ಅಂಥ ಅಗತ್ಯವಿದೆಯೇ ಎಂದು ಸೆಷನ್ಸ್ ನ್ಯಾಯಾಧೀಶರೇ ನಿರ್ಧರಿಸಬೇಕು ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಹೇಳಿದೆ. ಅದೇ ವರ್ಷ ಕಠುವಾ ಪ್ರಕರಣದಲ್ಲಿ ಬಾಲಕಿಯ ಗುರುತು ಬಹಿರಂಗಪಡಿಸಿದ ಮಾಧ್ಯಮ ಸಂಸ್ಥೆಗಳಿಗೆ ದೆಹಲಿ ಹೈಕೋರ್ಟ್ ತಲಾ 10 ಲಕ್ಷ ರೂಪಾಯಿ ಪಾವತಿಸಲು ಆದೇಶಿಸಿತು. ವಕೀಲರು, ಸಂಪಾದಕರು ಇರುವ ಸಂಸ್ಥೆಗಳೇ ಎಡವಿದ ಕಡೆ ‘ನ್ಯಾಯ ಸಿಗಲಿ’ ಎಂದು ಫೋಟೊ ಹಾಕುವವರು ಎಡವುವುದು ಸುಲಭ. ಊರು, ಶಾಲೆ, ತಂದೆಯ ಉದ್ಯೋಗ ಮೂರನ್ನೂ ಬರೆದರೆ ಹೆಸರು ಬರೆದಂತೆಯೇ.

ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿ. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ನೊಂದ ಮಗುವಿನ ಗುರುತನ್ನು, ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಆರೋಪಕ್ಕೊಳಗಾದ ಮಗುವಿನ ಗುರುತನ್ನೂ ಕಾಯುತ್ತವೆ. ಕಳ್ಳತನ ಮಾಡಿ ಸಿಕ್ಕಿಬಿದ್ದ ಹದಿನಾರರ ಹುಡುಗನ ವಿಡಿಯೊ ಹಾಕಿದರೆ ಕಾನೂನು ಮುರಿದವರು ನೀವಾಗುತ್ತೀರಿ.

ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಸೆರೆಹಿಡಿದು ಹಂಚುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ, ಅಶ್ಲೀಲತೆಗೆ 67, ಲೈಂಗಿಕ ಕ್ರಿಯೆಯ ದೃಶ್ಯಕ್ಕೆ 67ಎ, ಮಕ್ಕಳನ್ನು ಒಳಗೊಂಡದ್ದಕ್ಕೆ 67ಬಿ. ಕೊನೆಯದರಲ್ಲಿ ಹಂಚುವುದಷ್ಟೇ ಅಲ್ಲ, ಹುಡುಕುವುದು, ಇಳಿಸಿಕೊಳ್ಳುವುದೂ ಅಪರಾಧ. “ನೋಡಿ ಎಂಥ ಅನ್ಯಾಯ” ಎಂದು ಅಂಥ ವಿಡಿಯೊವನ್ನು ಖಂಡಿಸಲಿಕ್ಕಾಗಿ ಹಂಚಿದರೂ ಹಂಚಿದಂತೆಯೇ. ಕೃತಕ ಬುದ್ಧಿಮತ್ತೆಯಿಂದ ಒಬ್ಬರ ಮುಖ ಅಥವಾ ಧ್ವನಿ ಅಂಟಿಸಿ ಹೆಸರು ಕೆಡಿಸುವುದು ಎಲೆಕ್ಟ್ರಾನಿಕ್ ದಾಖಲೆಯ ಫೋರ್ಜರಿಯಾಗಿ ನ್ಯಾಯ ಸಂಹಿತೆಯ 336ರಡಿಯೂ ಬರಬಹುದು. ಹೆಣ್ಣುಮಕ್ಕಳ ಪೋಸ್ಟ್ ಕೆಳಗೆ ಬರೆಯುವ ಲೈಂಗಿಕ ಕೊಳಕಿಗೆ ಅದೇ ಸಂಹಿತೆಯ 79ನೇ ಸೆಕ್ಷನ್ ಇದೆ. ಕಮೆಂಟ್ ಕೂಡ ಪ್ರಕಟಣೆಯೇ ಎಂಬುದು ಅನೇಕರಿಗೆ ಠಾಣೆಯಲ್ಲಿ ತಿಳಿಯುತ್ತದೆ.

## ಹಂತ 5: ಸಮಯ, ಸ್ಥಾನ ನೋಡಿ

ಬೇರೆ ದಿನ ನಿರುಪದ್ರವಿಯಾದ ಪೋಸ್ಟ್ ಕೆಲವು ದಿನಗಳಲ್ಲಿ ಅಪಾಯಕಾರಿಯಾಗುತ್ತದೆ. ಊರಿನಲ್ಲಿ ಗಲಭೆ ನಡೆಯುತ್ತಿರುವಾಗ ಹಳೆಯ ವಿಡಿಯೊ ಹಾಕುವುದು ಅಂಥದ್ದು. ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಪ್ರಚಾರಕ್ಕೆ ನಿರ್ಬಂಧವಿದೆ, ಚುನಾವಣಾ ಆಯೋಗ ಸೂಚಿಸಿದ ಅವಧಿಯಲ್ಲಿ ಮತಗಟ್ಟೆ ಸಮೀಕ್ಷೆ ಪ್ರಕಟಿಸುವಂತಿಲ್ಲ.

ತೀರ್ಪನ್ನು ಟೀಕಿಸಬಹುದು. ನ್ಯಾಯಾಧೀಶರು ಹಣ ಪಡೆದು ತೀರ್ಪು ಕೊಟ್ಟರು ಎಂದರೆ ನ್ಯಾಯಾಂಗ ನಿಂದನೆ ಕಾಯ್ದೆ, 1971 ಎದುರು ನಿಲ್ಲುತ್ತದೆ. ಆರು ತಿಂಗಳವರೆಗೆ ಸಜೆ, 2,000 ರೂಪಾಯಿವರೆಗೆ ದಂಡ. 2020ರಲ್ಲಿ ವಕೀಲ ಪ್ರಶಾಂತ್ ಭೂಷಣ್ ಅವರಿಗೆ ಎರಡು ಟ್ವೀಟ್‌ಗಳಿಗಾಗಿ ಸುಪ್ರೀಂ ಕೋರ್ಟ್ ವಿಧಿಸಿದ ದಂಡ ಒಂದು ರೂಪಾಯಿ ಎಂದು ನಗುವವರಿದ್ದಾರೆ. ಆ ಒಂದು ರೂಪಾಯಿಯ ಹಿಂದೆ ವಾರಗಳ ವಿಚಾರಣೆ ಇತ್ತು.

ಸರ್ಕಾರಿ ನೌಕರರಿಗೆ ಒಂದು ಮಾತು. ನಿಮಗೆ ಈ ಎಲ್ಲದರ ಮೇಲೆ ನಡತೆ ನಿಯಮಗಳಿವೆ. ರಾಜ್ಯ ನೌಕರರಿಗೆ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021. ಅಪರಾಧವೇ ಅಲ್ಲದ ಟೀಕೆಗೂ ಇಲಾಖಾ ವಿಚಾರಣೆ ಬರಬಹುದು.

## ಹಂತ 6: ಬೇರೆಯವರದ್ದನ್ನು ಹಂಚುವಾಗ

ಮುಂದಕ್ಕೆ ಕಳುಹಿಸಿದ ಸಂದೇಶವು ಬಿಲ್ಲಿನಿಂದ ಹೊರಟ ಬಾಣದಂತೆ ಎಂದು ಮದ್ರಾಸ್ ಹೈಕೋರ್ಟ್ 2023ರಲ್ಲಿ ಹೇಳಿತು. ನಟ, ರಾಜಕಾರಣಿಯೊಬ್ಬರು ಮಹಿಳಾ ಪತ್ರಕರ್ತರ ಬಗೆಗಿನ ಕೀಳು ಬರಹವನ್ನು ಓದದೆಯೇ ಹಂಚಿದೆ, ಆಮೇಲೆ ಅಳಿಸಿ ಕ್ಷಮೆ ಕೇಳಿದೆ ಎಂದು ವಾದಿಸಿದ್ದರು. ಸುಪ್ರೀಂ ಕೋರ್ಟ್ ಕೂಡ ಅವರ ನೆರವಿಗೆ ಬರಲಿಲ್ಲ. ಆರಂಭದಲ್ಲಿ ಹೇಳಿದ ಎರಡನೆಯ ಮತ್ತು ಮೂರನೆಯ ಮಾತುಗಳಿಗೆ ಈ ಒಂದು ಪ್ರಕರಣ ಸಾಕು.

ಲೈಕ್ ಒತ್ತುವುದು ಬೇರೆ. ಲೈಕ್ ಮಾಡಿದ ಮಾತ್ರಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಸೆಕ್ಷನ್ ಅರ್ಥದಲ್ಲಿ ಪ್ರಕಟಿಸಿದಂತೆ ಅಥವಾ ರವಾನಿಸಿದಂತೆ ಆಗುವುದಿಲ್ಲ, ಹಂಚಿದರೆ ಆಗುತ್ತದೆ ಎಂದು ಅಲಹಾಬಾದ್ ಹೈಕೋರ್ಟ್ 2025ರಲ್ಲಿ ಹೇಳಿದೆ. ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್‌ಗಳೂ ಸ್ವಲ್ಪ ಉಸಿರಾಡಬಹುದು. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ತಾನಾಗಿ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ತೀರ್ಪು ನೀಡಿವೆ. ಅದರ ಅರ್ಥ ಕೈಜೋಡಿಸಬಹುದು ಎಂದಲ್ಲ. ಕೊಳಕು ಸಂದೇಶಕ್ಕೆ ಅಡ್ಮಿನ್ ಚಪ್ಪಾಳೆಯ ಚಿಹ್ನೆ ಹಾಕಿದ್ದರೆ ಲೆಕ್ಕ ಬದಲಾಗಬಹುದು.

ಹಂಚುವ ಮುನ್ನ ಮೂಲ ಹುಡುಕಿ. ಚಿತ್ರವಾದರೆ ಚಿತ್ರಶೋಧಕ್ಕೆ ಹಾಕಿ ಮೊದಲು ಯಾವಾಗ ಕಾಣಿಸಿತು ಎಂದು ನೋಡಿ. ‘ಬಂದದ್ದು ಬಂದಂತೆ’ ಎಂದು ಮೇಲೆ ಬರೆಯುವುದರಿಂದ ಯಾವ ರಕ್ಷಣೆಯೂ ಇಲ್ಲ, ಪರಿಶೀಲಿಸಿಲ್ಲ ಎಂದು ನೀವೇ ಬರೆದುಕೊಟ್ಟಂತೆ ಆಗುತ್ತದೆ.

## ಹಂತ 7: ಕೊನೆಯ ಓದು

ಕರಡನ್ನು ಒಂದು ರಾತ್ರಿ ಇಡಿ. ಆಗದಿದ್ದರೆ ಒಂದು ಗಂಟೆ. ನಂತರ ಆ ಒಪ್ಪದ ಸ್ನೇಹಿತರಿಗೆ ಓದಲು ಕೊಟ್ಟು ಒಂದೇ ಪ್ರಶ್ನೆ ಕೇಳಿ: “ಇದರಲ್ಲಿ ಯಾವ ವಾಕ್ಯದಿಂದ ನನ್ನ ಮೇಲೆ ದೂರು ಕೊಡುತ್ತೀರಿ?” ನಿಮ್ಮನ್ನು ಮೆಚ್ಚುವವರಿಗೆ ಆ ವಾಕ್ಯ ಕಾಣುವುದಿಲ್ಲ, ಅವರಿಗೆ ಕಾಣುತ್ತದೆ.

## ಹಂತ 8: ಆಕ್ಷೇಪ ಬಂದರೆ ಮಾಡಬೇಕಾದ ಕ್ರಮ

ಇಲ್ಲಿಯೂ ಕ್ರಮವೇ ಮುಖ್ಯ. ಗಾಬರಿಯಲ್ಲಿ ಎಲ್ಲರೂ ಮೊದಲು ಅಳಿಸುತ್ತಾರೆ.

ಮೊದಲು ದಾಖಲಿಸಿ. ಪೋಸ್ಟ್, ಅದರ ಕೊಂಡಿ, ದಿನಾಂಕ, ಸಮಯ, ಕಮೆಂಟುಗಳು ಎಲ್ಲವೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ದೂರು ಕೊಡುವವರು ಕತ್ತರಿಸಿದ ತುಂಡನ್ನು ತಂದರೆ ನಿಮ್ಮ ಪೂರ್ತಿ ಮಾತು ನಿಮ್ಮ ಬಳಿ ಇರಬೇಕು. ಮಕ್ಕಳ ಅಶ್ಲೀಲ ದೃಶ್ಯ ಮಾತ್ರ ಇದಕ್ಕೆ ಹೊರತು, ಅದರ ಪ್ರತಿ ಇಟ್ಟುಕೊಳ್ಳುವುದೇ ಅಪರಾಧ. ಆಮೇಲೆ ತಪ್ಪಿದ್ದರೆ ತೆಗೆಯಿರಿ, ತೆಗೆದದ್ದನ್ನು ಮತ್ತು ಸರಿಯಾದ ಮಾಹಿತಿಯನ್ನು ಸ್ಪಷ್ಟವಾಗಿ ಪ್ರಕಟಿಸಿ. ಪೊಲೀಸರ ನೋಟಿಸ್ ಬಂದ ನಂತರ ಫೋನಿನಲ್ಲಿರುವುದನ್ನೆಲ್ಲ ಒರೆಸಿಹಾಕಬೇಡಿ. ಸಾಕ್ಷ್ಯ ನಾಶ ಬೇರೆಯೇ ಅಪರಾಧ, ಇಲ್ಲದ ಪ್ರಕರಣವನ್ನು ನೀವೇ ಕಟ್ಟಿಕೊಟ್ಟಂತಾಗುತ್ತದೆ.

ವಕೀಲರ ನೋಟಿಸ್ ಮತ್ತು ಪೊಲೀಸ್ ನೋಟಿಸ್ ಒಂದೇ ಅಲ್ಲ. ಮೊದಲನೆಯದು ಎದುರಿನವರ ವಾದ, ಅದಕ್ಕೆ ನಿಮ್ಮ ವಕೀಲರ ಮೂಲಕ ಉತ್ತರ ಕೊಡಿ, ಅದರ ಚಿತ್ರ ಹಾಕಿ ಲೇವಡಿ ಮಾಡಬೇಡಿ. ಎರಡನೆಯದು ಸಾಮಾನ್ಯವಾಗಿ ತನಿಖೆ, ಬಂಧನ, ಜಾಮೀನಿನ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಸೆಕ್ಷನ್ ಅಡಿ ಹಾಜರಾಗಲು ಸೂಚಿಸುವ ನೋಟಿಸ್. ಹಾಜರಾಗಿ ಸಹಕರಿಸಿದರೆ, ಕಾರಣ ದಾಖಲಿಸದೆ ಬಂಧಿಸುವಂತಿಲ್ಲ. ಹಾಜರಾಗದಿದ್ದರೆ ಆ ರಕ್ಷಣೆ ಹೋಗುತ್ತದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು ಎಂಬುದು 2014ರ ಅರ್ನೇಶ್ ಕುಮಾರ್ ತೀರ್ಪಿನಿಂದ ಬಂದ ನಿಯಮ. ಈ ನೋಟಿಸನ್ನು ವಾಟ್ಸ್‌ಆ್ಯಪ್ ಮೂಲಕ ಜಾರಿ ಮಾಡುವಂತಿಲ್ಲ ಎಂದೂ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ.

“ನಿಮ್ಮ ಪೋಸ್ಟ್ ಮೇಲೆ ಕೇಸ್ ಆಗಿದೆ, ವಿಡಿಯೊ ಕರೆಯಲ್ಲಿಯೇ ಇರಿ, ಹಣ ಕಟ್ಟಿ” ಎಂದರೆ ಕರೆ ಮಾಡಿದವರು ವಂಚಕರು. ‘ಡಿಜಿಟಲ್ ಬಂಧನ’ ಎಂಬುದು ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲ. ಕರೆ ಕತ್ತರಿಸಿ, ಹಣ ಹೋಗಿದ್ದರೆ ತಕ್ಷಣ 1930ಕ್ಕೆ ತಿಳಿಸಿ.

ಠಾಣೆಗೆ ಹೋಗುವಾಗ ವಕೀಲರನ್ನು ಕರೆದೊಯ್ಯಿರಿ. ಎಫ್‌ಐಆರ್ ಪ್ರತಿ ಕೇಳಿ, ಸೆಕ್ಷನ್‌ಗಳನ್ನು ಓದಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಂಡರೆ ವಕೀಲರಿಗೆ ತೋರಿಸಿ. ಆನ್‌ಲೈನ್‌ನಲ್ಲಿ ‘ಆಕ್ಷೇಪಾರ್ಹ’ ಸಂದೇಶ ಕಳುಹಿಸುವುದನ್ನು ಅಪರಾಧವಾಗಿಸಿದ್ದ, 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ರದ್ದಾದ ಆ ಸೆಕ್ಷನ್ ಆಮೇಲೆಯೂ ಎಫ್‌ಐಆರ್‌ಗಳಲ್ಲಿ ಕಾಣಿಸಿಕೊಳ್ಳುತ್ತಲೇ ಇದ್ದುದರಿಂದ, ಯಾರನ್ನೂ ಅದರಡಿ ವಿಚಾರಣೆಗೆ ಗುರಿಪಡಿಸಬಾರದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೆ ಹೇಳಬೇಕಾಯಿತು. ಫೋನ್ ಜಪ್ತಿ ಮಾಡಿದರೆ ಮಹಜರಿನ (ಜಪ್ತಿಯ ದಾಖಲೆ) ಪ್ರತಿ ಪಡೆಯಿರಿ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕೆಂದು ಒತ್ತಾಯಿಸುವಂತಿಲ್ಲ, ಅದು ಸಂವಿಧಾನದ 20(3)ನೇ ವಿಧಿ. ಬಂಧಿಸಿದರೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು.

ವಕೀಲರೊಂದಿಗೆ ಮೂರು ದಾರಿಗಳನ್ನು ಚರ್ಚಿಸಿ. ಬಂಧನದ ಭಯವಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 482ನೇ ಸೆಕ್ಷನ್ ಅಡಿ ನಿರೀಕ್ಷಣಾ ಜಾಮೀನು. ಎಫ್‌ಐಆರ್ ಇನ್ನೂ ಆಗಿಲ್ಲದಿದ್ದರೆ ಅದೇ ಸಂಹಿತೆಯ 173(3)ರಡಿ ಪ್ರಾಥಮಿಕ ವಿಚಾರಣೆ ನಡೆಸುವಂತೆ ಕೋರುವುದು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿಯಿಂದ 14 ದಿನಗಳಲ್ಲಿ ಇದನ್ನು ಮುಗಿಸಬಹುದು, ಮಾತಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಹೀಗೆ ಮಾಡುವುದೇ ಸೂಕ್ತ ಎಂದು ಇಮ್ರಾನ್ ಪ್ರತಾಪಗಢಿ ತೀರ್ಪು ಹೇಳಿದೆ. ಮೂರನೆಯದು ಅದೇ ಸಂಹಿತೆಯ 528ನೇ ಸೆಕ್ಷನ್ ಅಡಿ ಪ್ರಕರಣ ರದ್ದತಿಗೆ ಹೈಕೋರ್ಟ್ ಮೊರೆ. ನ್ಯಾಯ ಸಂಹಿತೆಯ 196 ಮತ್ತು 299ರ ಪ್ರಕರಣಗಳನ್ನು ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು. ಅದು ಸಿಕ್ಕಿದೆಯೇ ಎಂದು ನೋಡಲು ಮರೆಯುವ ವಕೀಲರೂ ಇದ್ದಾರೆ, ನೀವೇ ಕೇಳಿ.

ನಿಮ್ಮ ಮೇಲೆ ದೂರಿಲ್ಲ, ಪೋಸ್ಟ್ ಮಾತ್ರ ಮಾಯವಾಗಿದೆ ಎಂದಾದರೆ ದಾರಿ ಬೇರೆ. ಫೇಸ್‌ಬುಕ್, ಎಕ್ಸ್, ಯೂಟ್ಯೂಬ್ ಪ್ರತಿಯೊಂದಕ್ಕೂ ಭಾರತದಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕೆಂಬುದು 2021ರ ನಿಯಮ. ಮೊದಲು ಅವರಿಗೆ ಬರೆಯಿರಿ, ಯಾವ ನಿಯಮದಡಿ ತೆಗೆದಿರಿ ಎಂದು ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಉತ್ತರ ಸಮಾಧಾನ ತರದಿದ್ದರೆ ಅದು ಬಂದ 30 ದಿನಗಳೊಳಗೆ ಕೇಂದ್ರ ಸರ್ಕಾರ ರಚಿಸಿರುವ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲಿಯೇ ಅರ್ಜಿ ಹಾಕಬಹುದು. ಮೂವತ್ತು ದಿನ ದಾಟಿದ ಮೇಲೆ ನೆನಪಾದವರು ಈಗಾಗಲೇ ಮೂವರು ನನಗೆ ಬರೆದಿದ್ದಾರೆ.